ಲಿಂಗ ಇಡುವ ಕೈ

ಅಕ್ಕನ ಅಂಗೈ ಸುಟ್ಟದ್ದು ಮೆಣಸಿನಕಾಯಿ ಬಜ್ಜಿಯ ಎಣ್ಣೆಯಿಂದ. ಅದು ಕೆಟ್ಟದ್ದು ಮಾತ್ರ ನನ್ನಿಂದ ಮತ್ತು ನಮ್ಮಪ್ಪನಿಂದ. ಇಪ್ಪತ್ತು ವರ್ಷವಾದರೂ ಈ ಸಿಟ್ಟು ಆರಿಲ್ಲ, ಆರುವುದೂ ಬೇಡ.

ನಮ್ಮ ಮನೆ ಕೊಟ್ಟೂರಿನಲ್ಲಿತ್ತು. ನಾನು ಹರಪನಹಳ್ಳಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಅರ್ಧ ಕಲಿತವನ ಜಂಭ ಮೈತುಂಬ ಇತ್ತು. ನಮ್ಮೂರಿನ ಡಾಕ್ಟರು ಅಕ್ಕನ ಎಡ ಅಂಗೈ ತೊಳೆದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆಯೊಂದನ್ನು ಗಾಯದ ಮೇಲೆ ಹಾಸಿದರು. ಕೊಲಾಜನ್ ಹಾಳೆ, ಕೀವಾಗದಂತೆ ಅದರಲ್ಲೇ ಬೆಳ್ಳಿಯ ಔಷಧ ಬೆರೆಸಿತ್ತು.

"ಇದರ ಕೆಳಗ ಹೊಸ ಚರ್ಮ ಬೆಳೀತೈತಿ. ತಾನಾಗೇ ಕಳಚಿ ಬೀಳೋತನಕ ಯಾರೂ ಮುಟ್ಟಬ್ಯಾಡ್ರಿ. ಕಿತ್ತಿದ್ರ ಬೆರಳು ಮುದುಡ್ತಾವ," ಎಂದರು.

ಐದು ದಿನ ಕೀವಿಲ್ಲ, ವಾಸನೆಯಿಲ್ಲ. ಅಕ್ಕ ನಗುತ್ತ ಬೆರಳಾಡಿಸುತ್ತಿದ್ದಳು. ಆರನೆಯ ದಿನ ನಾನು ಹಾಳೆಯ ಖಾಲಿ ಪಾಕೀಟು ಹಿಡಿದು, ಅದರ ಮೇಲಿನ ಇಂಗ್ಲಿಷನ್ನು ಅಪ್ಪನಿಗೆ ಬಿಡಿಸಿ ಹೇಳಿದೆ: "ಇದನ್ನ ದನದ ತೊಗಲಿಂದ ತೆಗೀತಾರಪ್ಪ!" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನನ್ನು ಯಾರು ಕೇಳಿದ್ದರು?

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ದಿನವೂ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಬೇಕು. ಅಪ್ಪನ ಮುಖ ಕಪ್ಪಿಟ್ಟಿತು.

"ಲಿಂಗ ಇಡೋ ಕೈಯಾಗ ತೊಗಲೇನವ್ವಾ?"

ಬಿಸಿನೀರಿನ ಬೋಗುಣಿಯಲ್ಲಿ ಅಕ್ಕನ ಕೈ ಅದ್ದಿ, ನೆನೆಸಿ, ಹಾಳೆಯನ್ನು ಸುಲಿದುಬಿಟ್ಟ. ಅಕ್ಕ ಚೀರಿದಳು. ಅವನು ಅರಿಸಿನ ಮೆತ್ತಿದ.

"ನಿನ್ನ ಕಾಲಾಗಿನ ಮೆಟ್ಟು ಯಾತರದ್ದಪ್ಪ?" ಎಂದೆ.

"ಅವು ಹೊಸ್ತಿಲ ಹೊರಗ ಇರ್ತಾವ. ಇದು ಒಳಗ ಬಂದೈತಿ ಲೇ."

ಮೈಯೆಲ್ಲ ಉರಿಯಿತು. ಆದರೆ ಅವನು ಸುಲಿಯುವಾಗ ಅಡ್ಡ ಹೋಗದೆ, ಸುಲಿದ ಮೇಲೆ ಬಾಯಿ ಬಿಟ್ಟವನು ನಾನು. ಹೇಡಿ.

ವಾರದೊಳಗೆ ಕೀವಾಯಿತು. ಮತ್ತೆ ಹೋದಾಗ ಡಾಕ್ಟರು ಕೀವು ತೊಳೆದು ಪಟ್ಟಿ ಕಟ್ಟಿ ಕಳಿಸಿದರು. ಅಪ್ಪನಿಗೆ ನಾಲ್ಕು ಜನರೆದುರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಾಯವೇನೋ ಮಾಯಿತು, ಗಂಟುಗಂಟಾಗಿ. ನಾಲ್ಕು ಬೆರಳೂ ಒಳಕ್ಕೆ ಎಳೆದುಕೊಂಡವು.

ಈಗಲೂ ಬೆಳಿಗ್ಗೆ ಅಪ್ಪ, ಅಕ್ಕ ಇಬ್ಬರೂ ವಿಭೂತಿ ಹಚ್ಚಿ ಪೂಜೆಗೆ ಕೂರುತ್ತಾರೆ. ಅಕ್ಕ ಎಡಗೈ ಬಿಚ್ಚಲು ನೋಡುತ್ತಾಳೆ. ಅದು ಬಿಚ್ಚುವುದಿಲ್ಲ. ಲಿಂಗವನ್ನು ಬಲಗೈಗೆ ಬದಲಿಸಿಕೊಳ್ಳುತ್ತಾಳೆ. ಸರಿಯಾಗಿ ಆಗಲೇ ಅಪ್ಪ ಕಣ್ಣು ಮುಚ್ಚುತ್ತಾನೆ. ಅದು ಧ್ಯಾನ ಅಂದರೆ ನಾನು ನಂಬುವುದಿಲ್ಲ.