ಹಲ್ಲರ್ ತಿಂದ ಕಿವಿ

ಕುಶಾಲನಗರದ ಹೊರಗಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಜವರಣ್ಣ ಹತ್ತೊಂಬತ್ತು ವರ್ಷದಿಂದ ಹಲ್ಲರ್ ನಡೆಸುತ್ತಿದ್ದಾರೆ. ಒಣಗಿದ ಕಾಫಿಯ ಸಿಪ್ಪೆ ಸುಲಿಯುವ ಆ ಯಂತ್ರ ಓಡುವಾಗ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗದೆ ಮಾತು ಕೇಳಿಸುವುದಿಲ್ಲ. ಅಂಥ ಗದ್ದಲದೊಳಗೇ ಬೀಜ ಒಡೆಯುವ ಸಣ್ಣ ಚಟಚಟ ಹಿಡಿದು ಯಂತ್ರ ಸಡಿಲಿಸುವುದು ಅವರ ವಿದ್ಯೆ. ಮ್ಯಾನೇಜರ್ ತೀರ್ಥಪ್ರಸಾದ್ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಜವರನ ಕಿವಿ ಇರುವಾಗ ಮೀಟರ್ ಎಂತಕ್ಕೆ?" ಅದನ್ನು ಕೇಳಿ ತಲೆದೂಗಿದವರಲ್ಲಿ, ಅಲ್ಲಿಗೆ ಕಾಫಿ ತರುತ್ತಿದ್ದ ನಾನೂ ಒಬ್ಬ. ನಾಚಿಕೆಯಾಗುತ್ತದೆ.

ಆ ಕಿವಿಗೆ ಮನೆಯಲ್ಲಿ ಬೇರೆಯೇ ಕೆಲಸವಿತ್ತು. ಎರಡು ಕೋಣೆಯ ಮನೆ. ಒಂದರ ತುಂಬ ಜವರಣ್ಣ ತಾವೇ ಬೆಸುಗೆ ಹಾಕಿದ ಆಂಪ್ಲಿಫೈಯರ್, ಹಲಸಿನ ಹಲಗೆಯಲ್ಲಿ ತಾವೇ ಕಟ್ಟಿದ ಸ್ಪೀಕರ್‌ಗಳು. ಮೊದಲ ಸಲ ಅಲ್ಲಿ ಕೂತಾಗ ವೀಣೆಯ ತಂತಿಯ ಮೇಲೆ ಬೆರಳು ಉಜ್ಜುವ ಸದ್ದು ಕೇಳಿ ಬೆಚ್ಚಿದ್ದೆ. "ರಾಗ ಯಾವ ಡಬ್ಬದಾಗೂ ಕೇಳ್ತದೆ ಸಾರ್. ಬೆರಳು ಕೇಳ್ಬೇಕು" ಎಂದಿದ್ದರು.

ಹೋದ ವರ್ಷ ಆ ಬೆರಳು ಕಾಣೆಯಾಯಿತು.

ಜವರಣ್ಣ ದೂರಿದ್ದು ಟ್ವೀಟರನ್ನು, ಅಂದರೆ ಚೂಪು ಸ್ವರ ನುಡಿಸುವ ಪುಟ್ಟ ಸ್ಪೀಕರನ್ನು. ಬದಲಿಸಿದರು. ಮತ್ತೆ ಬದಲಿಸಿದರು. ಮೂರನೆಯದನ್ನು ಮೈಸೂರಿನಿಂದ ತಂದು ಕೂರಿಸಿ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಹೆಂಡತಿ ಆಶಾರಾಣಿ ಸೌಟು ಹಿಡಿದೇ ಓಡಿಬಂದರು.

"ಆರ್ಸ್ರೀ ಅದನ್ನ! ಕಿವೀಗೆ ಸೂಜಿ ಚುಚ್ದಂಗಾಯ್ತದೆ."

"ಎಲ್ಲಿ? ಇದೂ ಸತ್ತೋಗದೆ ಕಣೇ. ಉಸ್ರೇ ಇಲ್ಲ."

ಆಶಾರಾಣಿ ತಾವೇ ಆರಿಸಿ ಗಂಡನ ಮುಖ ನೋಡಿದರು. "ಅದು ಚೆನ್ನಾಗೇ ಅದೆ. ನಾಳೆ ಡಾಕ್ಟ್ರ ತಾವ ಹೋಗುವ."

ಡಾಕ್ಟರ್ ತೋರಿಸಿದ ಕಿವಿ ಪರೀಕ್ಷೆಯ ಗ್ರಾಫ್‌ನಲ್ಲಿ ಗೆರೆ ಬಲಕ್ಕೆ, ಚೂಪು ಸ್ವರಗಳ ಕಡೆಗೆ, ಹೋಗುತ್ತ ದಿಢೀರನೆ ಪ್ರಪಾತಕ್ಕೆ ಬಿದ್ದಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ಯಂತ್ರದ ಬಳಿ ಕಿವಿ ಮುಚ್ಚಿಕೊಳ್ಳಲೇಬೇಕು ಎಂದರು.

ಕಿವಿ ಮುಚ್ಚುವ ಮಫ್‌ಗಳು ವರ್ಕ್ಸ್‌ನಲ್ಲಿ ಇಲ್ಲವೇ? ಇವೆಯಲ್ಲ! ಆಫೀಸಿನ ಗಾಜಿನ ಬೀರುವಿನಲ್ಲಿ ಆರು ಜೊತೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ, ತಪಾಸಣೆಗೆ ಬರುವವರ ದರ್ಶನಕ್ಕೆಂದು ಬೀಗ ಹಾಕಿ ಇಟ್ಟಿದ್ದಾರೆ. ಜವರಣ್ಣ ಒಂದು ಜೊತೆ ಕೇಳಿದರು.

"ಕಿವಿ ಮುಚ್ಚಿದ್ರೆ ಬೀಜ ಒಡೆಯೋದು ಹೇಗೆ ಗೊತ್ತಾಗ್ತದೆ ಮಾರಾಯ? ನಿನ್ನ ಇಟ್ಕೊಂಡಿರೋದೇ ಅದಕ್ಕಲ್ವ?" ತೀರ್ಥಪ್ರಸಾದ್ ನಗುತ್ತಲೇ ಹೇಳಿದರು.

ಬೇರಿಂಗ್ ಸವೆದರೆ ಅದೇ ದಿನ ಬದಲಿಸುತ್ತೀರಿ, ತೀರ್ಥಪ್ರಸಾದರೇ. ಬೆಲ್ಟ್ ಕಿರುಗುಟ್ಟಿದರೆ ಮೆಕ್ಯಾನಿಕ್ ಓಡಿ ಬರುತ್ತಾನೆ. ಬದಲಿಸಲಾಗದ ಒಂದೇ ಬಿಡಿಭಾಗ ಮನುಷ್ಯನ ಕಿವಿ. ಅದನ್ನೇ ಮೀಟರ್ ಮಾಡಿಕೊಂಡು ಸವೆಸಿದಿರಲ್ಲ, ಅದೂ ನಗುನಗುತ್ತ!

ಆಯುಧಪೂಜೆಯ ದಿನ ವರ್ಕ್ಸ್‌ಗೆ ಹಾಡು ಹಾಕುವುದು ಪ್ರತಿವರ್ಷವೂ ಜವರಣ್ಣನ ಸೆಟ್ಟೇ. ಈ ಸಲವೂ ತಂದರು. ಹಲ್ಲರ್‌ಗೆ ಹೂ ಮುಡಿಸಿ, ಕುಂಬಳಕಾಯಿ ಒಡೆದು, ಎಲ್ಲರೂ ಆಫೀಸಿನಲ್ಲಿ ಸಿಹಿ ತಿನ್ನಲು ಕೂತಾಗ ಗುಂಡಿ ಒತ್ತಿದರು. ಬಂದದ್ದು ಹಾಡಲ್ಲ. ಒಳ್ಳೆಯ ಮೈಕ್ ಇಟ್ಟು ಮುದ್ರಿಸಿಕೊಂಡಿದ್ದ ಹಲ್ಲರ್ ಸದ್ದು! ಯಂತ್ರದ ಪಕ್ಕ ಎಷ್ಟಿರುತ್ತದೋ ಅಷ್ಟಕ್ಕೇ, ಶಬ್ದ ಅಳೆಯುವ ಮೀಟರ್ ನೋಡಿ ಹೊಂದಿಸಿದ್ದರು. ತಮ್ಮ ಕಿವಿಯನ್ನು ಅವರು ಇನ್ನು ನಂಬುವಂತಿರಲಿಲ್ಲ.

ಲಾಡು ನೆಲಕ್ಕೆ ಬಿತ್ತು. ತೀರ್ಥಪ್ರಸಾದ್ ಎರಡೂ ಕೈಯಲ್ಲಿ ಕಿವಿ ಮುಚ್ಚಿ ಎದ್ದು ಬಂದು, ಜವರಣ್ಣನ ಕಿವಿಗೆ ಬಾಯಿ ತಂದು ಅರಚಿದರು: "ಆರಿಸು ಮಾರಾಯ! ಎಂತ ಹುಚ್ಚು ಇದು?"

ಜವರಣ್ಣ ಬೀರುವಿನ ಕಡೆ ಬೆರಳು ತೋರಿಸಿ, ಅಂಗೈ ಚಾಚಿ, ಅಷ್ಟೇ ಜೋರಾಗಿ ಕೂಗಿದರು. "ಬೀಗದ ಕೈ ಕೊಡಿ. ಆರಿಸ್ತೀನಿ."

ಬೀಗದ ಕೈ ಬಂತು. ಒಂದು ಜೊತೆಯನ್ನು ತಾವು ಹಾಕಿಕೊಂಡು, ಉಳಿದ ಐದನ್ನು ಹಲ್ಲರ್ ಕೆಲಸದವರಿಗೆ ಹಂಚಿ, ಆಮೇಲೆ ಆರಿಸಿದರು. ಒಟ್ಟು ಎರಡು ನಿಮಿಷ.

ಮರುವಾರ ಜವರಣ್ಣನಿಗೆ ತೀರ್ಥಪ್ರಸಾದರ ಸಹಿಯ ನೋಟಿಸ್ ಬಂತು: "ಅತಿಯಾದ ಶಬ್ದದಿಂದ ಸಿಬ್ಬಂದಿಯ ಆರೋಗ್ಯಕ್ಕೆ ಧಕ್ಕೆ ತಂದಿರುತ್ತೀರಿ. ಕಾರಣ ತಿಳಿಸಿ."

ಎರಡು ನಿಮಿಷಕ್ಕೆ ಧಕ್ಕೆಯಂತೆ. ಹತ್ತೊಂಬತ್ತು ವರ್ಷಕ್ಕೆ ಏನೆನ್ನುತ್ತಾರೋ.

ನನಗೆ ರಕ್ತ ಕುದಿಯಿತು. ಜವರಣ್ಣ ಮಾತ್ರ ಆ ಹಾಳೆಯನ್ನು, ಹೊಸ ರೆಕಾರ್ಡ್ ಹಿಡಿದಷ್ಟು ಜೋಪಾನವಾಗಿ, ಅಂಚಿನಲ್ಲಿ ಹಿಡಿದುಕೊಂಡಿದ್ದರು.

"ಆ ಸದ್ದು ಆರೋಗ್ಯಕ್ಕೆ ಕೆಟ್ಟದ್ದು ಅಂತ ಅವರೇ ಸೈನ್ ಹಾಕಿ ಕೊಟ್ಟವ್ರೆ ಸಾರ್" ಎಂದರು. "ಐದು ಜೆರಾಕ್ಸ್ ಮಾಡಿಸ್ದೆ. ಲೇಬರ್ ಆಫೀಸ್ಗೆ ಅರ್ಜಿ ನೀವೇ ಬರ್ಕೊಡಿ."