ಮಾವನವರು ನಿಂತಿದ್ದ ಗೋಡೆ

ದಾನೇಶ್ವರಿಯದು ಸುಮ್ಮನಿರುವ ಕೈಯಲ್ಲ. ಭಾಲ್ಕಿಯಿಂದ ಉದಗೀರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲೇ ಪಡಸಾಲೆಯ ಮಂಚವನ್ನು ಆಚೆಯಿಂದ ಈಚೆಗೆ ಎಳೆದಳು, ಹಬ್ಬ ಬರುವಷ್ಟರಲ್ಲಿ ಮತ್ತೆ ಆಚೆಗೆ. ಯಾರ ಮನೆಗೆ ಹೋದರೂ ಕೊಟ್ಟ ಚಹಾ ಆರುತ್ತಿತ್ತು, ಈಕೆಯ ಕಣ್ಣು ಅವರ ಕಪಾಟಿನ ಮೇಲಿರುತ್ತಿತ್ತು. ಕೊನೆಗೆ ಈ ಚಡಪಡಿಕೆಯೇ ಉದ್ಯೋಗವಾಯಿತು. ಮೊದಲು ಮದುವೆ ಮಂಟಪ ಸಿಂಗರಿಸಿದಳು, ಆಮೇಲೆ ಸೀರೆ ಅಂಗಡಿ, ಬ್ಯೂಟಿ ಪಾರ್ಲರ್. ಈಗ ನಿಲಂಗಾದವರಿರಲಿ, ಉಮರ್ಗಾದವರಿರಲಿ, ಅಂಗಡಿ ಚೆಂದ ಕಾಣಬೇಕೆಂದರೆ ಈಕೆಗೇ ಫೋನು ಮಾಡುತ್ತಾರೆ.

ಒಪ್ಪದವರು ಒಬ್ಬರೇ, ಅತ್ತೆ ತುಳಜಾಬಾಯಿ. ಬಾಯಿಬಿಟ್ಟು ಏನನ್ನೂ ಅಂದವರಲ್ಲ. ಆದರೆ ಸೊಸೆ ಎಷ್ಟು ಚೆಂದ ಮಾಡಿಟ್ಟರೂ ಪಡಸಾಲೆಯಲ್ಲಿ ಅವರು ಒಂದು ಗಳಿಗೆ ಕೂತವರಲ್ಲ. ಸರಸರನೆ ದಾಟಿ ಹೋಗಿ ಅಡಿಗೆಮನೆಯ ನೆಲದ ಮೇಲೆ ಕೂರುತ್ತಿದ್ದರು. ದಾನೇಶ್ವರಿಗೆ ಮೈಯೆಲ್ಲ ಉರಿಯುತ್ತಿತ್ತು. ಕುರ್ಚಿ ಬದಲಿಸಿದಳು, ಗಾದಿ ಬದಲಿಸಿದಳು, ಪರದೆ ಬದಲಿಸಿದಳು. ಊರೆಲ್ಲ ಹೊಗಳಿ ಏನು ಬಂತು, ಮನೆಯ ಹಿರಿಯಾಕೆಯೇ ಮುಖ ತಿರುಗಿಸಿದರೆ?

ಅಷ್ಟರಲ್ಲಿ ಅಮರನಾಥನ ಕೆಲಸ ಬಂತು. ಆತ ಪುಣೆಯಲ್ಲಿ ಇಟಾಲಿಯನ್ ಊಟ ಮಾಡಿ ಬಂದು ತಲೆ ಕೆಡಿಸಿಕೊಂಡವನು. ನಿಲಂಗಾ ರಸ್ತೆಯಲ್ಲಿದ್ದ ಅಪ್ಪನ ಕಾಳಿನ ಗೋದಾಮನ್ನೇ ಹೋಟೆಲು ಮಾಡುತ್ತೇನೆಂದು ಹೊರಟಿದ್ದ. ಒಳಗೆ ಕಾಲಿಟ್ಟರೆ ಹಳೇ ಕಾಲ ಕಾಣಬೇಕು ಎಂಬುದು ಅವನ ಹಟ. ದಾನೇಶ್ವರಿ ನೆಲಕ್ಕೆ ಕಪ್ಪುಬಿಳಿ ಫರಸಿ ಹಾಸಿದಳು, ಮೇಜಿಗೆ ಕೆಂಪು ಚೌಕಳಿ ಬಟ್ಟೆ, ಮೇಲೆ ಹಳದಿ ಬಲ್ಬು, ಮೂಲೆಗೊಂದು ಹಳೆಯ ರೇಡಿಯೋ. ದೊಡ್ಡ ಗೋಡೆಯ ತುಂಬ ಇಟಲಿಯ ಅಜ್ಜಂದಿರ ಫೋಟೋ ಛಾಪಿಸಿ ಹಾಕೋಣವೆಂದು ಆತ ಮೊಬೈಲು ತೋರಿಸಿದ. ಕಂಡವರ ಅಜ್ಜಂದಿರು ನಮಗ್ಯಾಕೆ, ನಮ್ಮೂರಿನಲ್ಲಿ ಅಜ್ಜಂದಿರಿಗೆ ಬರಗಾಲವೇ ಎಂದು ಈಕೆ ಓಣಿಯ ಮನೆಮನೆಗೂ ಹೋಗಿ ಹಳೆಯ ಫೋಟೋ ಕೇಳಿ ತಂದಳು. ನಡುವೆ ತೂಗುಹಾಕಲು ಒಂದು ದೊಡ್ಡ ಚೌಕಟ್ಟು ಬೇಕಾಗಿತ್ತು. ಅದು ಅವಳ ಮನೆಯ ಪಡಸಾಲೆಯಲ್ಲೇ ಇತ್ತು. ತುಳಜಾಬಾಯಿಯ ಮಾವನದು: ತಲೆಗೆ ರುಮಾಲು, ಕರಿ ಕೋಟು, ಕುರ್ಚಿಯ ಮೇಲೆ ಒಂದು ಕೈಯಿಟ್ಟು ನೆಟ್ಟಗೆ ನಿಂತ ಫೋಟೋ. ಅತ್ತೆ ಆಗ ತಮ್ಮ ಮಗಳ ಊರಾದ ದೇವಣಿಗೆ ಹೋಗಿದ್ದರು. ಒಯ್ಯಲೇ ಎಂದು ಕೇಳಿದರೆ ಗಂಡ ರವಿಕಾಂತ ಪೇಪರಿನಿಂದ ತಲೆ ಎತ್ತದೆ ಹೂಂ ಅಂದ.

ಉದ್ಘಾಟನೆಯ ದಿನ ಅವಳ ಕಾಲು ನೆಲಕ್ಕೆ ಹತ್ತಲಿಲ್ಲ. ಉಪ್ಪಿನ ಸೀಸೆ ಸರಿಸಿದಳು, ಮತ್ತೆ ಮೊದಲಿದ್ದಲ್ಲೇ ಇಟ್ಟಳು. ಅತ್ತೆಯನ್ನು ದೇವಣಿಯಿಂದ ನೇರ ಇಲ್ಲಿಗೇ ಕರೆತರಲು ಗಂಡನನ್ನು ಕಳಿಸಿದ್ದಳು. ಯಾರು ಏನಾದರೂ ಅನ್ನಲಿ, ಅತ್ತೆ ಒಮ್ಮೆ ಇಲ್ಲಿ ಕೂತು ನಾಲ್ಕು ತುತ್ತು ತಿಂದರೆ ಸಾಕಾಗಿತ್ತು ಅವಳಿಗೆ.

ತುಳಜಾಬಾಯಿ ಬಂದರು. ಫರಸಿ ನೋಡಿದರು, ಬಲ್ಬು ನೋಡಿದರು, ಚೌಕಳಿ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಕುರ್ಚಿ ಎಳೆದು ಇನ್ನೇನು ಕೂರಬೇಕು, ಗೋಡೆಯ ಕಡೆ ಕಣ್ಣು ಹೋಯಿತು. ಸೆರಗು ಹಣೆಯವರೆಗೆ ಬಂತು. ಕುರ್ಚಿಯನ್ನು ಮೆಲ್ಲಗೆ ಒಳಗೆ ತಳ್ಳಿ ಬಾಗಿಲ ಪಕ್ಕ ಹೋಗಿ ನಿಂತರು.

ಅವರನ್ನು ನೋಡಿ ಪಕ್ಕದ ಮನೆಯ ಸುಮಿತ್ರಾಬಾಯಿಯೂ ಗೋಡೆ ನೋಡಿದರು. ಅಲ್ಲಿ ಅವರ ಮಾವನೂ ಇದ್ದರು. ಅವರೂ ಸೆರಗೆಳೆದು ಎದ್ದರು. ಓಣಿಯ ಹಿರಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಾಗಿಲಿನ ಬಳಿ ಸಾಲಾಗಿ ನಿಂತುಬಿಟ್ಟರು. ಬಡಿಸುವವರು ಪಾಸ್ತಾದ ತಾಟು ಹಿಡಿದು ಪಿಳಿಪಿಳಿ ನೋಡಿದರು. ಅಮರನಾಥ ಬೆವರೊರೆಸುತ್ತ, ಇಟಲಿಯವರನ್ನು ಹಾಕಿದ್ದರೆ ಈ ಪಂಚಾಯತಿ ಇರುತ್ತಿರಲಿಲ್ಲ ವಹಿನಿ ಎಂದು ದಾನೇಶ್ವರಿಯ ಮುಂದೆ ಗೊಣಗಿದ.

ದಾನೇಶ್ವರಿಗೆ ಅಳು ಬಂತು, ಸಿಟ್ಟೂ ಬಂತು. ಇಲ್ಲಿಯೂ ಕೂರುವುದಿಲ್ಲವಲ್ಲ ಈ ಮುದುಕಿ! ಹತ್ತಿರ ಹೋಗಿ ತಡೆಯಲಾರದೆ ಕೇಳಿಯೇಬಿಟ್ಟಳು: "ನಾ ಮಾಡಿದ್ದು ನಿಮಗ ಒಂದೂ ಮನಸ್ಸಿಗಿ ಬರಂಗಿಲ್ಲೇನ್ರಿ ಅತ್ತಿ?"

ತುಳಜಾಬಾಯಿ ತಲೆ ಎತ್ತದೆ ಮೆಲ್ಲಗೆ ಅಂದರು: "ಮಾವನೋರು ನಿಂತಾರ. ಅವರ ಮುಂದ ನಾ ಕುರ್ಚಿ ಮ್ಯಾಲ ಹ್ಯಾಂಗ ಕುಂದ್ರಲಿ? ನಮ್ಮ ಪಡಸಾಲ್ಯಾಗ ನಾ ಒಂದಿನರೆ ಕುಂತದ್ದು ನೀ ನೋಡೀಯೇನು?"

ದಾನೇಶ್ವರಿ ಗೋಡೆಯ ಕಡೆ ತಿರುಗಿ ನೋಡಿದಳು. ತನ್ನ ಮಾವ ಬದುಕಿದ್ದಾಗ ತಾನೂ ಸೆರಗೆಳೆದವಳೇ. ಆದರೆ ಫೋಟೋದ ಮುಂದೂ ಅದು ನಡೆಯುತ್ತದೆಂದು ಹೊಳೆದಿರಲಿಲ್ಲ. ಇಷ್ಟು ವರ್ಷ ಮಂಚ ಎಳೆದಳು, ಕುರ್ಚಿ ಎಳೆದಳು; ಈ ಹೋಟೆಲಿಗೆ ತರುವವರೆಗೆ ಆ ಫೋಟೋವನ್ನು ಮಾತ್ರ ಮುಟ್ಟಿರಲಿಲ್ಲ. ಅತ್ತೆ ತನಗೆ ಬೆನ್ನು ತಿರುಗಿಸುತ್ತಾರೆಂದು ಎಷ್ಟು ಸಲ ಗಂಡನ ಮುಂದೆ ಹಲ್ಲು ಕಡಿದಿದ್ದಳೋ!

ಸೀರೆ ಸಿಕ್ಕಿಸಿ ಸ್ಟೂಲು ಹತ್ತಿದಳು. ಮಾವನವರನ್ನು ಎರಡೂ ಕೈಯಲ್ಲಿ ಇಳಿಸಿ, ಹೊರಬಾಗಿಲ ಮೇಲೆ ರಸ್ತೆಗೆ ಮುಖಮಾಡಿ ತೂಗುಹಾಕಿದಳು. ಉಳಿದ ಮಾವಂದಿರೂ ಹಿಂದೆಯೇ ಹೊರಗೆ ಬಂದು ಸಾಲುಹಿಡಿದರು. ಬಂದವರನ್ನು ಕರೆಯಲು ಯಜಮಾನರೇ ಬಾಗಿಲಿಗೆ ಬಂದು ನಿಂತಂತೆ ಕಂಡಿತು. ಒಳಗೆ ದೊಡ್ಡ ಗೋಡೆ ಬೋಳಾಗಿ ಉಳಿಯಿತು. ಅದನ್ನು ನೋಡಿ ಅವಳ ಕೈ ತುರಿಸಿತು. ಆದರೂ ಮುಟ್ಟಲಿಲ್ಲ.

ಹೆಂಗಸರೆಲ್ಲ ಕೂತರು. ತುಳಜಾಬಾಯಿಯೂ ಕೂತರು. ಪಾಸ್ತಾ ಬಾಯಿಗಿಟ್ಟು, ಇನ್ನೊಂದಿಷ್ಟು ಖಾರ ಬೇಕಿತ್ತು ಅಂದರು. ಮತ್ತೂ ಒಂದು ತುತ್ತು ತಿಂದು ಸೊಸೆಯನ್ನು ಪಕ್ಕಕ್ಕೆ ಕರೆದರು.

"ಮಾವನೋರು ಇಲ್ಲೇ ಇರ್ಲಿ. ಅವರಿಗಿ ನಾಕು ಮಂದಿ ಬಂದು ಹೋಗೋದು ಸೇರತಿತ್ತು. ಮನ್ಯಾಗ ಆ ಗ್ವಾಡಿಗಿ ಏನೂ ಹಾಕಬ್ಯಾಡ. ಸಂಜಿಮುಂದ ನಾ ಅಲ್ಲಿ ಕುಂದ್ರತೀನಿ."

"ಯಾವ ಕುರ್ಚಿ ಹಾಕ್ಲಿ ಅತ್ತಿ?" ಎಂದಳು ದಾನೇಶ್ವರಿ. ಊರವರಿಗೆಲ್ಲ ಕೇಳುತ್ತ ಬಂದ ಆ ಪ್ರಶ್ನೆಯನ್ನು ಅವಳು ಅತ್ತೆಗೆ ಕೇಳಿದ್ದು ಅಂದೇ ಮೊದಲು.