ಮೂವತ್ತಾರೂ ಸಡಿಲ

ಲತೀಫಾ ಬಸವಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷದಿಂದ ಕುರ್ತಾ ಮಾರುತ್ತಿದ್ದಳು. ಗಿರಾಕಿಯನ್ನು ನೋಡಿದರೆ ಸಾಕು, ಸೈಜು ಹೇಳಿಬಿಡುತ್ತಿದ್ದಳು. ರಂಜಾನ್ ಹಬ್ಬಕ್ಕೆ ಮುಂಚೆ ಹುಮನಾಬಾದಿನಿಂದ ತಂಗಿ ಶಾಯಿಸ್ತಾ ಬಂದಳು. ಬುರ್ಖಾದೊಳಗೆ ಅವಳೆಷ್ಟು ಸೊರಗಿದ್ದಾಳೆಂದು ಅಕ್ಕನಿಗೂ ತಿಳಿಯಲಿಲ್ಲ. ಪ್ರತಿ ವರ್ಷದಂತೆ ನಲವತ್ತರ ಕುರ್ತಾ ಕೊಟ್ಟಳು. ಅದು ತಂಗಿಯ ಹೆಗಲಿನಿಂದ ಜಾರಿತು. ಮೂವತ್ತಾರೂ ಸಡಿಲವಾಯಿತು.

"ನೀ ಉಣ್ಣಾಕತ್ತಿಲ್ಲೇನ?"

"ಹೊಟ್ಟ್ಯಾಗ ಗಂಟು ಐತಿ ಆಪಾ. ನಾಕು ತಿಂಗಳಾತು."

"ಯಾಕ ಹೇಳಲಿಲ್ಲ?"

"ಮಕ್ಕಳ ಪರೀಕ್ಷಾ ಮುಗೀಲಿ ಅಂದೆ."

ಲತೀಫಾ ಕುರ್ತಾಗಳನ್ನು ಹಾಗೆಯೇ ಬಿಟ್ಟು ತಂಗಿಯನ್ನು ಬೀದರಿಗೆ ಕರೆದೊಯ್ದಳು. ತುಂಬಾ ತಡವಾಗಿದೆ ಎಂದರು ಡಾಕ್ಟರು. ಬಕ್ರೀದಿಗೂ ಮೊದಲೇ ಶಾಯಿಸ್ತಾ ತೀರಿಕೊಂಡಳು. ಅವಳ ಇಬ್ಬರು ಮಕ್ಕಳು ಈಗ ಲತೀಫಾಳ ಮನೆಯಲ್ಲಿ ಬೆಳೆಯುತ್ತಿದ್ದಾರೆ. ಅವರಿಗೆ ಸ್ವಲ್ಪ ಕೆಮ್ಮು ಬಂದರೂ ಅವಳು ಅಂದೇ ಡಾಕ್ಟರ ಬಳಿ ಕರೆದೊಯ್ಯುತ್ತಾಳೆ.